ಕಾಸ್ಟಿಕ್ ಹಂಡೆ, ಎಂಜೈಮ್ ಹಂಡೆ: ಬೆಟಗೇರಿಯ ನಮ್ಮ ಬಣ್ಣದ ಮನೆಯ ಲೆಕ್ಕ

ನಮ್ಮ ಬಣ್ಣದ ಮನೆಯಲ್ಲಿ ನೂಲು ಕುದಿಸುವ ಕಾಕಾನ ಹೆಬ್ಬೆರಳನ್ನು ರೇಷನ್ ಅಂಗಡಿಯ ಮಷಿನ್ ಗುರುತು ಹಿಡಿಯುವುದಿಲ್ಲ. ಒರೆಸಿ ಇಟ್ಟರೂ ಇಲ್ಲ, ಎಣ್ಣೆ ಹಚ್ಚಿ ಇಟ್ಟರೂ ಇಲ್ಲ. ಮೂವತ್ತು ವರ್ಷ ಕಾಸ್ಟಿಕ್ ಸೋಡಾ ಎಂಬ ಸುಡುವ ಕ್ಷಾರದ ನೀರಿನಲ್ಲಿ ಅದ್ದಿ ತೆಗೆದ ಬೆರಳು ಅದು. ಗೆರೆಗಳೇ ಸವೆದು ಹೋಗಿವೆ. ಪ್ರತಿ ತಿಂಗಳು ಸೊಸೆಯನ್ನು ಕರೆದುಕೊಂಡು ಹೋಗಿ ಅವಳ ಬೆರಳು ಕೊಟ್ಟು ಅಕ್ಕಿ ತರುತ್ತಾನೆ. ನೂಲು ತೊಳೆಯಲು ಕಾಸ್ಟಿಕ್ ಬಿಟ್ಟು ನಾನು ಎಂಜೈಮ್ ಕಡೆಗೆ ಹೊರಳಿದ್ದಕ್ಕೆ ಕಾರಣ ಕೇಳಿದರೆ ಮೊದಲು ಹೇಳಬೇಕಾದದ್ದು ಇದೇ. ಪರಿಸರ, ಇಂಗಾಲ, ನೀರಿನ ಲೆಕ್ಕ ಎಲ್ಲ ಆಮೇಲೆ ಬಂದವು.

ನಮ್ಮದು ಗದಗ-ಬೆಟಗೇರಿಯ ಸಣ್ಣ ಬಣ್ಣದ ಮನೆ. ಅಜ್ಜ ಶುರು ಮಾಡಿದ್ದು. ಕೈಮಗ್ಗದ ಸೀರೆಗೆ ಬೇಕಾದ ಹತ್ತಿ ನೂಲನ್ನು ಲಡಿ ಲಡಿಯಾಗಿ, ಅಂದರೆ ಸುತ್ತಿ ಕಟ್ಟಿದ ಸುರುಳಿಗಳಾಗಿ ತಂದು, ಕುದಿಸಿ, ಬಣ್ಣ ಹಾಕಿ, ಒಣಗಿಸಿ ನೇಕಾರರಿಗೆ ಕೊಡುತ್ತೇವೆ. ನಾನು ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದೆ. ಆಮೇಲೆ ನಾಲ್ಕು ವರ್ಷ ತಿರುಪೂರಿನ ಒಂದು ಬಣ್ಣದ ಘಟಕದ ಲ್ಯಾಬ್‌ನಲ್ಲಿದ್ದೆ. 2011ರಲ್ಲಿ ನೊಯ್ಯಲ್ ನದಿ ಕೆಟ್ಟಿದ್ದಕ್ಕೆ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತ್ತು. ನಾನು ಹೋಗುವ ಹೊತ್ತಿಗೆ ಅವು ಮತ್ತೆ ತೆರೆದಿದ್ದವು, ಆದರೆ ಆ ಹೆದರಿಕೆ ಹೋಗಿರಲಿಲ್ಲ. ಒಂದೊಂದು ಕೊಡ ನೀರಿಗೂ ಲೆಕ್ಕ ಬರೆಯುವ ಅಭ್ಯಾಸ ನನಗೆ ಬಂದದ್ದು ಅಲ್ಲಿ. ಎಂಜೈಮ್, ಅಂದರೆ ಶಾಲೆಯಲ್ಲಿ ಕಿಣ್ವ ಅಂತ ಓದಿದ್ದೇವಲ್ಲ, ಅದರಿಂದ ನೂಲು ತೊಳೆಯುವುದನ್ನು ನೋಡಿದ್ದೂ ಅಲ್ಲೇ.

ನೂಲನ್ನು ಯಾಕೆ ಕುದಿಸಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ಹಸಿ ಹತ್ತಿ ನೂಲು ನೀರು ಕುಡಿಯುವುದಿಲ್ಲ. ಎಳೆಯ ಮೇಲೆ ತೆಳ್ಳಗೆ ಮೇಣ ಇರುತ್ತದೆ. ಆ ಮೇಣವನ್ನು ಹಿಡಿದುಕೊಂಡಿರುವುದು ಪೆಕ್ಟಿನ್ ಎಂಬ ಅಂಟು. ನೀರು ಕುಡಿಯದ ನೂಲು ಬಣ್ಣವನ್ನೂ ಕುಡಿಯುವುದಿಲ್ಲ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಮೇಣ, ಅಂಟು, ಪ್ರೋಟೀನು, ಜೊತೆಗೆ ಎಳೆಯ ಒಂದಿಷ್ಟು ಭಾಗವೂ ಕಿತ್ತುಕೊಂಡು ಬರುತ್ತದೆ. ಪೆಕ್ಟಿನ್ ಕತ್ತರಿಸುವ ಎಂಜೈಮ್ ಆ ಅಂಟನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಗೋಡೆಗೆ ಅಂಟಿಸಿದ ಹಳೇ ಪೋಸ್ಟರ್ ಕೀಳಬೇಕಾದರೆ ಗೋಡೆಯನ್ನೇ ಕೆರೆಯಬಹುದು, ಇಲ್ಲ ಅಂಟನ್ನಷ್ಟೇ ನೆನೆಸಿ ಬಿಡಿಸಬಹುದು. ಅಷ್ಟೇ ವ್ಯತ್ಯಾಸ.

ಮಾರುವವರು ಹೇಳುವ ಮಾತು ಕೇಳಿದರೆ ಇಲ್ಲಿಗೇ ಕತೆ ಮುಗಿಯಿತು: ಎಂಜೈಮ್ ಹಸಿರು, ಕಾಸ್ಟಿಕ್ ಕೆಟ್ಟದ್ದು. ನನಗೆ ಅದು ಸಾಲಲಿಲ್ಲ. ನಮ್ಮ ಮನೆಯಲ್ಲಿ, ನಮ್ಮ ನೀರಿನಲ್ಲಿ, ನಮ್ಮ ಒಲೆಯ ಮೇಲೆ ಎಷ್ಟು ಉಳಿಯುತ್ತದೆ ಅಂತ ತಿಳಿಯಬೇಕಿತ್ತು.

ಅದಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸಲ ಹತ್ತು ಬಂಡಲ್ 60 ನಂಬರಿನ ನೂಲು, ಅಂದರೆ ಪೌಂಡಿಗೆ 60 ಲಡಿ ಬರುವಷ್ಟು ಸಣ್ಣ ಎಳೆ. ಒಂದು ಬಂಡಲ್ ಅಂದರೆ ಹತ್ತು ಪೌಂಡು, 4.54 ಕೆ.ಜಿ. ಹತ್ತಕ್ಕೆ 45 ಕೆ.ಜಿ. ಮೇಲೆ ಸ್ವಲ್ಪ. ಒಲೆಯ ಮೇಲಿನ ದೊಡ್ಡ ಸ್ಟೀಲ್ ತೊಟ್ಟಿಯನ್ನು ನಾವು ಹಂಡೆ ಅಂತಲೇ ಕರೆಯುತ್ತೇವೆ. ಅದರಲ್ಲಿ 900 ಲೀಟರ್ ನೀರು. ಒಳಗಡೆ ಗೆರೆ ಹಾಕಿಸಿದೆ, ಯಾರು ತುಂಬಿಸಿದರೂ ಅಷ್ಟೇ ಬರಬೇಕು ಅಂತ. ಕಟ್ಟಿಗೆಯನ್ನು ತಕ್ಕಡಿಯಲ್ಲಿ ತೂಗಿ ಒಲೆಗೆ ಹಾಕಿದೆವು. ನಮ್ಮ ಕಡೆ ಸಿಗುವುದು ಬಳ್ಳಾರಿ ಜಾಲಿ, ಬೇರೇನೂ ಅಲ್ಲ. ಒಂದು ಥರ್ಮಾಮೀಟರ್, ಹುಳಿ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದದ ಒಂದು ಸುರುಳಿ, ಗಡಿಯಾರ. ಆರು ಹಂಡೆ ಕಾಸ್ಟಿಕ್, ಆರು ಹಂಡೆ ಎಂಜೈಮ್, ಒಂದಾದ ಮೇಲೆ ಒಂದು. ಒಂದು ವಾರ ಇದು, ಇನ್ನೊಂದು ವಾರ ಅದು ಅಂತ ಮಾಡಿದರೆ ಹವೆ, ಕಟ್ಟಿಗೆಯ ಹಸಿ, ನೀರಿನ ಗುಣ ಎಲ್ಲ ಬದಲಾಗಿ ಲೆಕ್ಕ ಕೆಡುತ್ತದೆ.

ಕಾಸ್ಟಿಕ್ ಹಂಡೆಗೆ ನಮ್ಮ ಹಳೇ ಅಳತೆ: 2.7 ಕೆ.ಜಿ. ಕಾಸ್ಟಿಕ್, 1.8 ಕೆ.ಜಿ. ಬಟ್ಟೆ ತೊಳೆಯುವ ಸೋಡಾ ಪುಡಿ, ನೀರು ಹಿಡಿಸುವ ಸೋಪಿನ ಎಣ್ಣೆ ಒಂದಿಷ್ಟು. ಎರಡೂವರೆ ತಾಸು ಕುದಿ. ಆಮೇಲೆ ಒಂದು ಬಿಸಿನೀರು, ಎರಡು ತಣ್ಣೀರು, ಅಸಿಟಿಕ್ ಆಸಿಡ್ ಹಾಕಿದ ಒಂದು ನೀರು, ಕೊನೆಗೆ ಮತ್ತೊಂದು ತಣ್ಣೀರು. ಕುದಿಸಿದ್ದನ್ನೂ ಸೇರಿಸಿ ಆರು ಸಲ 900. ಒಟ್ಟು 5400 ಲೀಟರ್. ಕೆ.ಜಿ. ನೂಲಿಗೆ 119 ಲೀಟರ್. ತುಂಗಭದ್ರೆಯ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಊರಿನಲ್ಲಿ ಇಷ್ಟು ನೀರು ನೂಲು ಕುದಿಸಲಿಕ್ಕೇ ಹೋಗುತ್ತಿತ್ತು. ಬಣ್ಣ ಹಾಕುವುದು ಇನ್ನೂ ಶುರುವಾಗಿಲ್ಲ, ನೆನಪಿರಲಿ.

ಈಗ ಮೊದಲ ಎಂಜೈಮ್ ಹಂಡೆಗೆ ಬರೋಣ. ಅದು ಪೂರ್ತಿ ಕೆಟ್ಟಿತು.

ಕುದಿಸಿದ ನೂಲು ಆಗಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಒಂದೇ ಪರೀಕ್ಷೆ. ಒಣಗಿದ ಲಡಿಯನ್ನು ಅಂಗೈ ಮೇಲೆ ಹರಡಿ ಬೆರಳಿನಿಂದ ಒಂದು ಹನಿ ನೀರು ಬಿಡುವುದು. ಕಾಸ್ಟಿಕ್‌ನಲ್ಲಿ ಕುದ್ದ ನೂಲು ಹನಿ ಬಿದ್ದ ಕೂಡಲೇ ಎಳೆದುಕೊಳ್ಳುತ್ತದೆ. ಎಂಜೈಮ್ ಲಡಿಯ ಮೇಲೆ ಆ ಹನಿ ಕೆಸುವಿನ ಎಲೆಯ ಮೇಲೆ ಕೂತಂತೆ ದುಂಡಗೆ ಕೂತಿತು. ನಾನು ಇಪ್ಪತ್ತರವರೆಗೆ ಎಣಿಸಿದೆ. ಹೋಗಲಿಲ್ಲ. ಕಾಕಾ ಕೈಯನ್ನು ಓರೆ ಮಾಡಿದ, ಹನಿ ಹಾಗೇ ಉರುಳಿ ಕೆಳಗೆ ಬಿತ್ತು.

"ತಮ್ಮಾ, ಇದು ನೀರು ಕುಡೀವಲ್ದು ನೋಡು," ಅಂದ. "ಮತ್ತ ಕಾಸ್ಟಿಕ್ ಹಾಕೂಣೇನು?"

ಹಾಕಿದೆವು. ಬೇರೆ ದಾರಿ ಇರಲಿಲ್ಲ. ಮರುದಿನ ನೂಲು ಕೊಡಬೇಕಿತ್ತು. ಎರಡನೇ ಹಂಡೆಯೂ ಅಷ್ಟೇ ಆಯಿತು.

ತಪ್ಪು ಎಲ್ಲಿದೆ ಅಂತ ಹುಡುಕುತ್ತ ಅಳತೆಯ ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆ. ಹೊಳೆದದ್ದು ಮೂರನೇ ದಿನ ರಾತ್ರಿ. ನಮ್ಮ ಬೋರ್ ನೀರು ಗಡಸು. ಕಾಸ್ಟಿಕ್ ಹಂಡೆಗೆ ನಾವು ಯಾವಾಗಲೂ ಗಡಸು ಕಟ್ಟುವ ಪುಡಿ ಒಂದು ಹಿಡಿ ಹಾಕುತ್ತೇವೆ. ನೀರಿನ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಡುತ್ತದೆ. ಕೈ ರೂಢಿ, ಎಂಜೈಮ್ ಹಂಡೆಗೂ ಹಾಕಿದ್ದೆವು. ಆದರೆ ನಾನು ತಂದಿದ್ದ ಎಂಜೈಮ್ ಪೆಕ್ಟೇಟ್ ಲಯೇಸ್ ಎನ್ನುವ ಜಾತಿಯದು. ಅದಕ್ಕೆ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕೇ ಬೇಕು. ನಾವೇ ಅದರ ಬಾಯಿಂದ ತುತ್ತು ಕಿತ್ತುಕೊಂಡಿದ್ದೆವು!

ಮೂರನೇ ಹಂಡೆಗೆ ಆ ಪುಡಿ ಹಾಕಲಿಲ್ಲ. ಮೂರು ತಲೆಮಾರು ಬೈದುಕೊಂಡು ಬಂದ ಬೋರ್ ನೀರನ್ನು ಹಾಗೇ ತುಂಬಿಸಿದೆವು. ಹೆಚ್ಚುಕಮ್ಮಿ ಅರ್ಧ ಕೆ.ಜಿ. ಸೋಡಾ ಪುಡಿ ಹಾಕಿ ಪಿಎಚ್ ಎಂಟೂವರೆಗೆ ತಂದೆವು. 55 ಡಿಗ್ರಿಗೆ ಬಂದಾಗ ಎಂಜೈಮ್ 450 ಗ್ರಾಂ. ನಲವತ್ತು ನಿಮಿಷ. ಹನಿ ಈ ಸಲ ಆರು ಎಣಿಸುವಷ್ಟರಲ್ಲಿ ಒಳಗೆ ಹೋಯಿತು. ಪರವಾಗಿಲ್ಲ ಅನ್ನಿಸಿತು, ಆದರೆ ಕಡು ಬಣ್ಣಕ್ಕೆ ಇದೂ ಸಾಲದು.

ಉಳಿದದ್ದು ಮೇಣ. ಅಂಟು ಕತ್ತರಿಸಿದ್ದರೂ ಮೇಣ ಅಲ್ಲೇ ಕೂತಿರುತ್ತದೆ, 55 ಡಿಗ್ರಿಯಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಎಂಜೈಮ್ ಕೆಲಸ ಮುಗಿದ ಮೇಲೆ ಸ್ವಲ್ಪ ಸೋಪಿನ ಎಣ್ಣೆ ಹಾಕಿ 80 ಡಿಗ್ರಿಗೆ ಏರಿಸಿ ಕಾಲು ತಾಸು ಬಿಡಬೇಕು. ಆ ಬಿಸಿಗೆ ಎಂಜೈಮ್ ಕೂಡ ಸತ್ತುಹೋಗುತ್ತದೆ, ಅದೂ ಬೇಕಾದದ್ದೇ. ಆಮೇಲಿನ ಮೊದಲ ತೊಳೆತ 60 ಡಿಗ್ರಿಯ ಬಿಸಿನೀರಿನಲ್ಲೇ ಆಗಬೇಕು. ತಣ್ಣೀರಿಗೆ ಹಾಕಿದರೆ ಕರಗಿದ ಮೇಣ ಮತ್ತೆ ನೂಲಿಗೇ ಮೆತ್ತುತ್ತದೆ. ಇಷ್ಟು ಮಾಡಿದ ಮೇಲೆ ಹನಿ ಎರಡು ಎಣಿಸುವಷ್ಟರಲ್ಲಿ ಹೋಯಿತು. ಕಾಕಾ ಮೂರು ಬೇರೆ ಬೇರೆ ಲಡಿ ತೆಗೆದು ಮೂರರ ಮೇಲೂ ಹನಿ ಬಿಟ್ಟು ನೋಡಿ, ಏನೂ ಮಾತಾಡದೆ ಬಣ್ಣದ ಹಂಡೆಗೆ ಕಟ್ಟಿಗೆ ಒಟ್ಟಲು ಹೋದ.

ಈ 80 ಡಿಗ್ರಿ ಅನ್ನುವುದು ಲೆಕ್ಕದಲ್ಲಿ ದೊಡ್ಡ ವಿಷಯ. ಎಂಜೈಮ್ ಡಬ್ಬದ ಮೇಲೆ 55 ಡಿಗ್ರಿ ಅಂತ ಬರೆದಿರುತ್ತದೆ. ಕುದಿಯುವ 98 ಎಲ್ಲಿ, 55 ಎಲ್ಲಿ, ಬೆಂಕಿ ಅರ್ಧಕ್ಕಿಂತ ಕಡಿಮೆ ಸಾಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು, ಇದು ಶಾಲೆಯ ಪಾಠ. ನಮ್ಮ ನೀರು 28 ಡಿಗ್ರಿ ಇರುತ್ತದೆ. 900 ಲೀಟರನ್ನು 98ಕ್ಕೆ ಒಯ್ಯಲು 63,000. ಮೇಲೆ 70 ಡಿಗ್ರಿಯ ಒಂದು ಬಿಸಿನೀರ ತೊಳೆತಕ್ಕೆ 37,800. ಒಟ್ಟು ಒಂದು ಲಕ್ಷ ಚಿಲ್ಲರೆ. ಎಂಜೈಮ್‌ಗೆ 80ರವರೆಗೆ 46,800, 60ರ ತೊಳೆತಕ್ಕೆ 28,800, ಒಟ್ಟು 75,600. ಅಂದರೆ ಕಾಗದದ ಮೇಲೆ ಉಳಿಯುವುದು ಕಾಲು ಭಾಗ ಮಾತ್ರ.

ತಕ್ಕಡಿ ಬೇರೆ ಹೇಳಿತು. ಕಾಸ್ಟಿಕ್ ಹಂಡೆಗೆ ಸರಾಸರಿ 148 ಕೆ.ಜಿ. ಕಟ್ಟಿಗೆ, ಎಂಜೈಮ್ ಹಂಡೆಗೆ 92. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿತಾಯ. ಹೇಗೆ ಅಂತ ಯೋಚಿಸಿದಾಗ ಗೊತ್ತಾಯಿತು: ನೀರನ್ನು ಕುದಿಗೆ ತರುವುದು ಒಂದು ಖರ್ಚು, ಎರಡೂವರೆ ತಾಸು ಕುದಿಯಲ್ಲೇ ಹಿಡಿದಿಡುವುದು ಇನ್ನೊಂದು ಖರ್ಚು. ನಮ್ಮ ಹಂಡೆಗೆ ಮುಚ್ಚಳ ಇರಲಿಲ್ಲ. ಹಬೆಯಾಗಿ ಹೋದದ್ದೆಲ್ಲ ಕಟ್ಟಿಗೆಯೇ. ಆಮೇಲೆ ತಗಡಿನ ಒಂದು ಮುಚ್ಚಳ ಮಾಡಿಸಿದೆ. ಕಾಸ್ಟಿಕ್ ಹಂಡೆಗೂ ಅದನ್ನೇ ಮುಚ್ಚಿದರೆ ಅಲ್ಲೂ ಕಟ್ಟಿಗೆ ಉಳಿಯಿತು. ಇದನ್ನು ಬರೆಯಲೇಬೇಕು. ಎಂಜೈಮ್ ಕೊಳ್ಳಲು ಆಗದವರು ಒಂದು ಮುಚ್ಚಳವನ್ನಾದರೂ ಹಾಕಿಕೊಳ್ಳಲಿ.

ನೀರಿನ ಲೆಕ್ಕ ಇದಕ್ಕಿಂತ ಸರಳ. ಕಾಸ್ಟಿಕ್ ನೂಲಿಗೆ ಅಷ್ಟು ತೊಳೆತ ಯಾಕೆ ಬೇಕು? ನೂಲಿಗಾಗಿ ಅಲ್ಲ, ಕಾಸ್ಟಿಕ್ ಹೋಗಲಿ ಅಂತ. ಎಷ್ಟು ತೊಳೆದರೂ ಎಳೆಯೊಳಗೆ ಅದರ ಜಾರು, ಅಂದರೆ ಕ್ಷಾರ, ಉಳಿದಿರುತ್ತದೆ. ಅದನ್ನು ಸಾಯಿಸಲು ಆಸಿಡ್, ಆಸಿಡ್ ಹೋಗಲು ಮತ್ತೆ ನೀರು. ಎಂಜೈಮ್ ಹಂಡೆಯಲ್ಲಿ ಪಿಎಚ್ ಎಂಟೂವರೆ, ಆಸಿಡ್ ಬೇಡ. ಎರಡು ತೊಳೆತ ಸಾಕು. 2700 ಲೀಟರ್, ಕೆ.ಜಿ.ಗೆ 59. ಎರಡು ಹಂಡೆಗೆ ಒಂದು ಟ್ಯಾಂಕರ್ ನೀರು ಉಳಿಯಿತು. ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಮೊದಲಿಗೆ ನಾನು ಕೆಟ್ಟ ಎರಡು ಹಂಡೆಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಲಿಯುವಾಗ ಆದದ್ದು ಅಂತ ಬಿಟ್ಟಿದ್ದೆ. ಒಂದು ದಿನ ಕೂತು ಸೇರಿಸಿ ನೋಡಿದೆ. ಕೆಟ್ಟ ಹಂಡೆ ಅಂದರೆ ಎಂಜೈಮ್‌ನ 2700, ಅದರ ಮೇಲೆ ಮತ್ತೆ ಕಾಸ್ಟಿಕ್‌ನ 5400, ಒಟ್ಟು 8100 ಲೀಟರ್. ಸರಿಯಾದ ಆರು, ಕೆಟ್ಟ ಎರಡು, ಒಟ್ಟು ಎಂಟು ಹಂಡೆಯ ಸರಾಸರಿ 4050ಕ್ಕೆ ಏರಿತು. ಅರ್ಧ ಉಳಿತಾಯ ಅಂತ ಹೇಳಿಕೊಳ್ಳುತ್ತಿದ್ದದ್ದು ಕಾಲು ಭಾಗಕ್ಕೆ ಇಳಿಯಿತು. ಎರಡು ಹಂಡೆಗೆ ಒಂದು ಕೆಡುತ್ತ ಹೋದರೆ ಲೆಕ್ಕ ಸರಿಯಾಗಿ 5400ಕ್ಕೇ ಬಂದು ನಿಲ್ಲುತ್ತದೆ. ಉಳಿತಾಯ ಸೊನ್ನೆ. ಹಾಗಾಗಿ ಹೊಸದಾಗಿ ಮಾಡುವವರು ಹತ್ತು ಬಂಡಲ್ ಹಾಕಬೇಡಿ. ಒಂದು ಬಕೆಟ್‌ನಲ್ಲಿ ನಾಲ್ಕು ಲಡಿ ಹಾಕಿ ಕಲಿಯಿರಿ. ನಾನು ಹಾಗೆ ಮಾಡಬೇಕಿತ್ತು.

ಇನ್ನು ಡಬ್ಬದ ಹಿಂದಿನ ಕತೆ. ಕಾಸ್ಟಿಕ್ ನಮ್ಮ ಮನೆಗೆ ಬರುವ ಮೊದಲು ಎಲ್ಲೋ ಉಪ್ಪುನೀರಿಗೆ ಕರೆಂಟ್ ಹಾಯಿಸಿ ತಯಾರಾಗಿರುತ್ತದೆ. ಒಂದು ಟನ್‌ಗೆ ಸುಮಾರು 2,200ರಿಂದ 2,500 ಯೂನಿಟ್ ಕರೆಂಟ್ ಬೇಕು. ನಮ್ಮ 2.7 ಕೆ.ಜಿ.ಗೆ ಆರು ಯೂನಿಟ್ ಮೇಲೆ. ನಮ್ಮ ದೇಶದ ಕರೆಂಟ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿದರೆ ನಾಲ್ಕು ಕೆ.ಜಿ. ಚಿಲ್ಲರೆ. ಅದೇ ಕೆಲಸದಲ್ಲಿ ಕ್ಲೋರಿನ್ ಕೂಡ ತಯಾರಾಗುತ್ತದೆ, ಅದರ ಪಾಲನ್ನು ಅದಕ್ಕೆ ಕೊಟ್ಟರೆ ಕಾಸ್ಟಿಕ್ ಪಾಲು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಸೋಡಾ ಪುಡಿಯದ್ದು ಬೇರೆ.

ಎಂಜೈಮ್ ಆಕಾಶದಿಂದ ಉದುರುವುದಿಲ್ಲ. ದೊಡ್ಡ ಸ್ಟೀಲ್ ಟ್ಯಾಂಕ್‌ಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ, ಪಿಷ್ಟ, ಸೋಯಾ ತಿನ್ನಿಸಿ, ಗಾಳಿ ಊದಿ, ಕಲಕಿ ಬೆಳೆಸುತ್ತಾರೆ. ಆಮೇಲೆ ಸೋಸಿ, ಗಟ್ಟಿ ಮಾಡಿ, ಕೆಡದಂತೆ ಗ್ಲಿಸರಿನ್‌ನಂಥದ್ದು ಬೆರೆಸಿ ಡಬ್ಬಕ್ಕೆ ತುಂಬುತ್ತಾರೆ. ಪ್ರಕಟವಾದ ಅಧ್ಯಯನಗಳಲ್ಲಿ ಒಂದು ಕೆ.ಜಿ. ಎಂಜೈಮ್ ಸರಕಿಗೆ ಸುಮಾರು 1ರಿಂದ 10 ಕೆ.ಜಿ.ಯವರೆಗೆ ಇಂಗಾಲದ ಲೆಕ್ಕ ಕೊಟ್ಟಿದ್ದಾರೆ. ಹೆಚ್ಚಿನದನ್ನೇ ಹಿಡಿದರೆ ನಮ್ಮ 450 ಗ್ರಾಂಗೆ ನಾಲ್ಕೂವರೆ ಕೆ.ಜಿ.

ಅಂದರೆ ಡಬ್ಬಕ್ಕೆ ಡಬ್ಬ ತೂಗಿದರೆ ಹೆಚ್ಚುಕಮ್ಮಿ ಸಮ! ಇದನ್ನು ಬರೆದ ದಿನ ನನಗೆ ನಿದ್ದೆ ಬರಲಿಲ್ಲ. ಎಂಜೈಮ್ ಒಳ್ಳೆಯದು ಅಂತ ನಂಬಿ ಊರವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಮತ್ತೆ ಪಟ್ಟಿ ನೋಡಿದಾಗ ಸಮಾಧಾನವಾಯಿತು. ವ್ಯತ್ಯಾಸ ಇರುವುದು ಡಬ್ಬದಲ್ಲಿ ಅಲ್ಲ, ಡಬ್ಬ ಬಂದ ಮೇಲೆ ನಾವು ಮಾಡದೆ ಬಿಡುವ ಕೆಲಸಗಳಲ್ಲಿ. ಮೂರು ತೊಳೆತ ಬಿಟ್ಟೆವು, ಎರಡೂವರೆ ತಾಸಿನ ಕುದಿ ಬಿಟ್ಟೆವು, ಆಸಿಡ್ ಬಿಟ್ಟೆವು. ಎಂಜೈಮ್ ಹಾಕಿಯೂ ಮನಸ್ಸಿಗೆ ಒಪ್ಪದೆ ಹಳೇ ಅಭ್ಯಾಸದಂತೆ ಐದು ನೀರು ತೊಳೆಯುವವರನ್ನು ನಾನು ನೋಡಿದ್ದೇನೆ. ಅವರಿಗೆ ಉಳಿದದ್ದು ಸ್ವಲ್ಪ ಕಟ್ಟಿಗೆ, ಇನ್ನೇನೂ ಇಲ್ಲ.

ಇಂಥ ಲೆಕ್ಕಕ್ಕೆ ಜಗತ್ತಿನಲ್ಲಿ ಒಂದು ಪದ್ಧತಿ ಇದೆ. 2006ರ ಐಎಸ್‌ಒ 14040 ಮತ್ತು 14044. ವಸ್ತುವಿನ ಹುಟ್ಟಿನಿಂದ ಕೊನೆಯವರೆಗೆ ಲೆಕ್ಕ ಹಾಕುವ ನಿಯಮ. ಅದರ ಮೊದಲ ಪಾಠ: ಯಾವುದಕ್ಕೆ ಎಷ್ಟು ಅಂತ ಅಳೆಯುತ್ತೀರಿ, ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನಾನು ಒಂದು ಕೆ.ಜಿ. ನೂಲಿಗೆ ಅಂತ ಹಿಡಿದಿದ್ದೆ. ಅಲ್ಲೇ ಒಂದು ತಪ್ಪು ಮಾಡಿದ್ದೆ. ಹಿಡಿದದ್ದು ನಮ್ಮ ಅವ್ವ.

ಕಾಸ್ಟಿಕ್‌ನಲ್ಲಿ ಕುದಿಸಿದರೆ ನೂಲಿನ ತೂಕ ನೂರಕ್ಕೆ ಆರರಷ್ಟು ಇಳಿಯುತ್ತಿತ್ತು. ಎಂಜೈಮ್‌ನಲ್ಲಿ ಎರಡೂವರೆ. ಹತ್ತು ಬಂಡಲ್‌ಗೆ ಒಂದೂವರೆ ಕೆ.ಜಿ. ಜಾಸ್ತಿ ನೂಲು ಉಳಿಯಿತು ಅಂತ ನಾನು ಹಿಗ್ಗಿದ್ದೆ. ಒಂದು ಕೆ.ಜಿ. ಹತ್ತಿ ಬೆಳೆಯಲು ಸಾವಿರಾರು ಲೀಟರ್ ನೀರು ಬೇಕು. ಆ ಒಂದೂವರೆ ಕೆ.ಜಿ. ಹತ್ತಿ ಬೆಳೆಯುವುದು ತಪ್ಪಿತು ಅಂತ ಹಿಡಿದರೆ ಉಳಿದೆಲ್ಲ ಲೆಕ್ಕವನ್ನೂ ಅದೊಂದೇ ನುಂಗಿಬಿಡುತ್ತದೆ. ಖುಷಿಯಿಂದ ಅವ್ವನಿಗೆ ಹೇಳಿದೆ. ಅವಳು ಮಗ್ಗಕ್ಕೆ ಹಾಸು ಹೂಡುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಸೀರಿ ನೇಯೋದು ತೂಕದ ಮ್ಯಾಲೇನ? ಉದ್ದದ ಮ್ಯಾಲೆ. ಮ್ಯಾಣ ಹೋದ್ರ ಉದ್ದ ಕಡಿಮಿ ಆಕ್ಕೈತೇನು?"

ಆಗುವುದಿಲ್ಲ. 60 ನಂಬರ್ ಬಂಡಲ್ ಅಂದರೆ 600 ಲಡಿ, ಒಂದೊಂದು ಲಡಿ 840 ಗಜ. ಬಂಡಲ್‌ಗೆ 600ರಂತೆ ಹಂಡೆಗೆ ಹೋದವು, 600ರಂತೆಯೇ ಹೊರಬಂದವು. ತೂಕ ಇಳಿದದ್ದು ಬಹುಪಾಲು ಮೇಣ, ಅಂಟು, ಕೊಳೆ. ಹತ್ತಿ ಒಂದು ಗಜವೂ ಜಾಸ್ತಿ ಆಗಿಲ್ಲ. ಆ ಸಾಲನ್ನು ನೋಟ್‌ಬುಕ್‌ನಿಂದ ಹೊಡೆದು ಹಾಕಿದೆ. ಅದರ ಬದಲು ಅವ್ವ ಹೇಳಿದಂತೆ ಮಗ್ಗದ ಮೇಲೆ ಎಳೆ ಎಷ್ಟು ಸಲ ಹರಿಯಿತು ಅಂತ ಬರೆಯಲು ಶುರು ಮಾಡಿದೆ. ಬಿಸಿ ಕಾಸ್ಟಿಕ್‌ನಲ್ಲಿರುವ ನೂಲಿಗೆ ಗಾಳಿ ತಾಗಿದರೆ ಎಳೆಯ ಬಲ ಕುಗ್ಗುತ್ತದೆ. ಹಂಡೆಯಿಂದ ಮೇಲೆ ತೇಲಿದ ಲಡಿಗಳು ಯಾವಾಗಲೂ ಹರಿಯುತ್ತಿದ್ದವು. ಎಂಜೈಮ್ ನೂಲಿನಲ್ಲಿ ಆ ತೊಂದರೆ ಕಡಿಮೆ, ಕೈಗೂ ಮೆತ್ತಗೆ. ಹರಿದ ಎಳೆ, ಕಿತ್ತೆಸೆದ ನೂಲು, ಇವು ನಿಜವಾಗಿ ಹೊಲದಲ್ಲಿ ಬೆಳೆದ ಹತ್ತಿಯ ನಷ್ಟ. ಅದನ್ನು ಮಾತ್ರ ಈಗ ಲೆಕ್ಕಕ್ಕೆ ಹಿಡಿಯುತ್ತೇನೆ.

ಬಿಳಿ ಮತ್ತು ತಿಳಿ ಬಣ್ಣಕ್ಕೆ ಈ ಎಂಜೈಮ್ ನಡೆಯುವುದಿಲ್ಲ. ನೂಲು ಸ್ವಲ್ಪ ಕೆನೆ ಬಣ್ಣದಲ್ಲೇ ಉಳಿಯುತ್ತದೆ. ಹತ್ತಿ ಬೀಜದ ಸಿಪ್ಪೆಯ ಕಂದು ಚುಕ್ಕೆಗಳನ್ನು ಅದು ಮುಟ್ಟುವುದೇ ಇಲ್ಲ. ಪೆರಾಕ್ಸೈಡ್ ಹಾಕಿ ಬಿಳಿ ಮಾಡಲೇಬೇಕು. ಅದಕ್ಕೆ ಹೇಗೂ ಕಾಸ್ಟಿಕ್ ಮತ್ತು ಬಿಸಿ ಬೇಕು, ಆ ಹಂಡೆಯಲ್ಲೇ ಮೇಣವೂ ಹೋಗುತ್ತದೆ. ಮೊದಲೊಂದು ಎಂಜೈಮ್ ಹಂಡೆ ಇಟ್ಟರೆ ಸುಮ್ನೆ ಇನ್ನೊಂದು 2700 ಲೀಟರ್ ಖರ್ಚು. ಅಲ್ಲಿ ಉಪಯೋಗಕ್ಕೆ ಬಂದದ್ದು ಬೇರೆ ಎಂಜೈಮ್, ಕೆಟಲೇಸ್. ನೂಲಿನಲ್ಲಿ ಉಳಿದ ಪೆರಾಕ್ಸೈಡನ್ನು ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಹಾಕಿದ ಕೂಡಲೇ ಹಂಡೆ ತುಂಬ ಸೋಡಾ ಬಾಟಲಿ ತೆರೆದ ಹಾಗೆ ಸಣ್ಣ ಸಣ್ಣ ಗುಳ್ಳೆ. ಹದಿನೈದು ನಿಮಿಷದಲ್ಲಿ ಗುಳ್ಳೆ ನಿಲ್ಲುತ್ತದೆ. ಮೊದಲು ಮೂರು ಸಲ ಬಿಸಿನೀರಲ್ಲಿ ತೊಳೆಯುತ್ತಿದ್ದೆವು, ಈಗ ಒಂದು. ಒಂದೇ ಎಂಜೈಮ್ ತರುವಷ್ಟು ದುಡ್ಡು ಇದೆ ಅನ್ನುವವರಿಗೆ ನಾನು ಕೆಟಲೇಸನ್ನೇ ಮೊದಲು ಹೇಳುತ್ತೇನೆ. ಕೆಡುವ ಭಯ ಕಡಿಮೆ, ಉಳಿತಾಯ ಮೊದಲ ದಿನದಿಂದ.

ಗಟಾರದ ಲೆಕ್ಕ ಹೇಳದಿದ್ದರೆ ಇದು ಅರ್ಧ ಸತ್ಯ. ನಮ್ಮ ಶೆಡ್‌ನ ಹಿಂದೆ ನಾಲ್ಕು ಗುಂಟೆ ಎರೆ ಜಾಗ ಇದೆ. ಅಜ್ಜನ ಕಾಲದಿಂದ ಹಂಡೆಯ ನೀರೆಲ್ಲ ಅಲ್ಲಿಗೇ ಹೋಗುತ್ತಿತ್ತು. ಈಗ ಅಲ್ಲಿ ಜಾಲಿ ಬಿಟ್ಟರೆ ಏನೂ ಬೆಳೆಯುವುದಿಲ್ಲ. ಒಣಗಿದಾಗ ಮೇಲೆ ಬಿಳಿ ಪದರ. ಮಳೆ ಬಿದ್ದರೆ ನೀರು ಇಂಗುವುದಿಲ್ಲ, ಸಿಮೆಂಟ್ ಅಂಗಳದಂತೆ ಮೇಲೇ ನಿಲ್ಲುತ್ತದೆ. ಕಾಸ್ಟಿಕ್‌ನಲ್ಲೂ ಸೋಡಾದಲ್ಲೂ ಇರುವುದು ಸೋಡಿಯಂ. ಎರೆ ಮಣ್ಣಿನ ಜೇಡಿಗೆ ಸೋಡಿಯಂ ಸೇರಿದರೆ ಅದು ಒದ್ದೆಯಾದಾಗ ಹಿಟ್ಟಿನಂತೆ ಕಲೆಸಿ, ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಕೆಂಪು ಮಣ್ಣಿಗಿಂತ ನಮ್ಮ ಎರೆಗೆ ಇದರ ಪೆಟ್ಟು ಜಾಸ್ತಿ. ಆಸಿಡ್ ಹಾಕಿ ಪಿಎಚ್ ಸರಿ ಮಾಡಿದೆವು ಅಂತ ಸಮಾಧಾನ ಪಟ್ಟುಕೊಳ್ಳುವವರಿಗೆ ಇದನ್ನು ಹೇಳಬೇಕು: ಜಾರು ಹೋಗುತ್ತದೆ, ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ.

ಒಂದು ಕಾಸ್ಟಿಕ್ ಹಂಡೆಗೆ ನಾವು ಹಾಕುತ್ತಿದ್ದ ಕಾಸ್ಟಿಕ್ ಮತ್ತು ಸೋಡಾ ನಾಲ್ಕೂವರೆ ಕೆ.ಜಿ. 900 ಲೀಟರ್‌ಗೆ, ಅಂದರೆ ಲೀಟರ್‌ಗೆ ಐದು ಗ್ರಾಂ. 2016ರ ಕೇಂದ್ರದ ನಿಯಮದ ಪ್ರಕಾರ ಜವಳಿ ಘಟಕದಿಂದ ಹೊರಬೀಳುವ ನೀರಿನಲ್ಲಿ ಕರಗಿದ ಲವಣ ಲೀಟರ್‌ಗೆ 2,100 ಮಿಲಿಗ್ರಾಂ ದಾಟಬಾರದು, ಪಿಎಚ್ 6.5ರಿಂದ 8.5ರ ಒಳಗಿರಬೇಕು. ಎಂಜೈಮ್ ಹಂಡೆಗೆ ಹೋಗುವ ಸೋಡಾ ಅರ್ಧ ಕೆ.ಜಿ. ಹತ್ತರಲ್ಲಿ ಒಂದು ಪಾಲು. ಇದು ನಿಜವಾದ ಗೆಲುವು ಅಂತ ನಾನು ಅಂದುಕೊಂಡೆ.

ಆದರೆ ಬಣ್ಣದ ಹಂಡೆಯನ್ನು ಮರೆತಿದ್ದೆ. ನಾವು ಹಾಕುವ ರಿಯಾಕ್ಟಿವ್ ಬಣ್ಣ, ಅಂದರೆ ಎಳೆಯ ಜೊತೆ ಬೆಸೆದುಕೊಳ್ಳುವ ಬಣ್ಣ, ನೂಲಿಗೆ ಹಿಡಿಯಬೇಕಾದರೆ ಉಪ್ಪು ಹಾಕಬೇಕು. ಕಡು ಬಣ್ಣಕ್ಕೆ ಲೀಟರ್‌ಗೆ 50 ಗ್ರಾಂ. 900 ಲೀಟರ್‌ಗೆ 45 ಕೆ.ಜಿ. ಉಪ್ಪು! ನೂಲಿನ ತೂಕದಷ್ಟೇ ಉಪ್ಪು. ಹಿಂದಿನ ಜಾಗ ಹಾಳಾಗಿದ್ದಕ್ಕೆ ದೊಡ್ಡ ಕಾರಣ ಇದು, ಕಾಸ್ಟಿಕ್, ಸೋಡಾ ಎರಡೂ ಸೇರಿ ತೂಕದಲ್ಲಿ ಅದರ ಹತ್ತನೇ ಒಂದು. ಕುದಿಸುವ ಹಂಡೆಯ ಸುತ್ತ ಗೆರೆ ಎಳೆದು ನೋಡಿದರೆ ಎಂಜೈಮ್ ಸೋಡಿಯಂ ಅನ್ನು ಹತ್ತರಲ್ಲಿ ಒಂಬತ್ತು ಪಾಲು ಇಳಿಸಿತು. ಇಡೀ ಬಣ್ಣದ ಮನೆಯ ಸುತ್ತ ಗೆರೆ ಎಳೆದರೆ ಅದೇ ಉಳಿತಾಯ ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಎರಡೂ ಸುಳ್ಳಲ್ಲ. ಗೆರೆ ಎಲ್ಲಿ ಎಳೆದಿದ್ದಾರೆ ಅಂತ ಹೇಳದೆ ಯಾರಾದರೂ ಹಸಿರಿನ ಲೆಕ್ಕ ಕೊಟ್ಟರೆ ನಾನು ಈಗ ಮೊದಲು ಅದನ್ನೇ ಕೇಳುತ್ತೇನೆ.

ಹಾಗಂತ ಎಂಜೈಮ್ ಬಿಡಲಿಲ್ಲ. ಅದು ಬಂದದ್ದರಿಂದಲೇ ಇನ್ನೊಂದು ದಾರಿ ತೆರೆಯಿತು. ಮೊದಲು ಎಲ್ಲ ನೀರೂ ಕೆಟ್ಟದ್ದೇ, ಒಂದೇ ಗಟಾರಕ್ಕೆ ಬಿಡುತ್ತಿದ್ದೆವು. ಈಗ ಕುದಿಸುವ ಕಡೆಯ ನೀರು ಅಷ್ಟೇನೂ ಕೆಟ್ಟಿರುವುದಿಲ್ಲ. ಕೊನೆಯ ತೊಳೆತದ ನೀರನ್ನು ಡ್ರಮ್‌ಗಳಲ್ಲಿ ಹಿಡಿದಿಟ್ಟು ಮುಂದಿನ ಹಂಡೆಗೆ ಮೊದಲ ನೀರಾಗಿ ತುಂಬುತ್ತೇವೆ. ಹೊಸ ನೀರು ಹಂಡೆಗೆ 1800 ಲೀಟರ್ ಸಾಕು, ಕೆ.ಜಿ.ಗೆ 40. ಬಣ್ಣದ ಹಂಡೆಯ ಉಪ್ಪುನೀರು ಬೇರೆ ಪೈಪಿನಲ್ಲಿ ಹೋಗುತ್ತದೆ. ಅದಕ್ಕೆ ತಳಕ್ಕೆ ಪ್ಲಾಸ್ಟಿಕ್ ಹಾಸಿದ ಅಗಲವಾದ ಒಂದು ತೊಟ್ಟಿ ಕಟ್ಟಿಸಿದ್ದೇನೆ. ನಮ್ಮ ಬಿಸಿಲು ಅದನ್ನು ಒಣಗಿಸುತ್ತದೆ. ಕೆಳಗೆ ಉಳಿದ ಬಣ್ಣ ಬೆರೆತ ಉಪ್ಪನ್ನು ಚೀಲಕ್ಕೆ ತುಂಬಿ ಒಂದು ಕಡೆ ಇಡುತ್ತೇವೆ. ಮೊದಲಿನಂತೆ ಎಲ್ಲ ಸೇರಿ 5400 ಲೀಟರ್ ಆಗಿದ್ದರೆ ಅಷ್ಟು ದೊಡ್ಡ ತೊಟ್ಟಿ ಕಟ್ಟಲು ನನ್ನಿಂದ ಆಗುತ್ತಿರಲಿಲ್ಲ.

ಎಂಜೈಮ್ ನೀರನ್ನೂ ಹಾಗೇ ಕೆರೆಗೆ ಬಿಡುವಂತಿಲ್ಲ. ಅದರಲ್ಲಿ ಕರಗಿದ ಪೆಕ್ಟಿನ್, ಮೇಣ, ಗ್ಲಿಸರಿನ್ ಎಲ್ಲ ಇರುತ್ತದೆ. ಅವು ಬೇಗ ಕೊಳೆಯುತ್ತವೆ, ಅದು ಒಳ್ಳೆಯದೇ, ಆದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಇನ್ನೊಂದು ಮಾತು ಕೈ ಕೆಲಸದವರಿಗೆ: ಎಂಜೈಮನ್ನು ಪುಡಿಯಾಗಿ ತರಬೇಡಿ. ಧೂಳು ಮೂಗಿಗೆ ಹೋದರೆ ದಮ್ಮು ಹತ್ತುವ ಅಪಾಯ ಇದೆ. 1960ರ ದಶಕದಲ್ಲಿ ಬಟ್ಟೆ ಸೋಪಿನ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಹೀಗೇ ಆಗಿತ್ತು. ದ್ರವವನ್ನೇ ತನ್ನಿ, ತಂಪಾದ ಜಾಗದಲ್ಲಿಡಿ, ಅಳೆಯುವಾಗ ಕೈಗವಸು ಹಾಕಿ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್‌ನಲ್ಲಿಟ್ಟ ಡಬ್ಬ ಎರಡು ತಿಂಗಳಲ್ಲೇ ಶಕ್ತಿ ಕಳೆದುಕೊಂಡಿತ್ತು. ಈಗ ಮನೆಯೊಳಗೆ ನೀರಿನ ಮಡಕೆಯ ಪಕ್ಕ ಅದರ ಜಾಗ.

ಕಾಕಾ ಈಗಲೂ ಬಿಳಿ ನೂಲಿನ ದಿನ ಕಾಸ್ಟಿಕ್ ಮುಟ್ಟುತ್ತಾನೆ, ಆದರೆ ವಾರಕ್ಕೆ ಒಂದೇ ದಿನ, ಅದೂ ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು. ಬೆರಳ ಸಂದಿನ ಬಿರುಕು ಮುಚ್ಚಿವೆ. ಊಟಕ್ಕೆ ಕೂತಾಗ ಖಾರ ಹತ್ತಿದರೆ ಕೈ ಉರಿಯುತ್ತಿತ್ತು, ಈಗ ಇಲ್ಲ ಅನ್ನುತ್ತಾನೆ. ಹೆಬ್ಬೆರಳಿನ ಗೆರೆ ಮಾತ್ರ ಬಂದಿಲ್ಲ.

ಹಿಂದಿನ ಜಾಗಕ್ಕೆ ಹೋದ ವರ್ಷ ಜಿಪ್ಸಂ ಹಾಕಿಸಿದೆ. ಅದರ ಕ್ಯಾಲ್ಸಿಯಂ ಮಣ್ಣಿನ ಸೋಡಿಯಂ ಅನ್ನು ಹೊರಗೆ ತಳ್ಳಬೇಕು, ಮಳೆನೀರು ಅದನ್ನು ಕೆಳಗೆ ಒಯ್ಯಬೇಕು. ನಿಧಾನದ ಕೆಲಸ. ಹೋದ ವಾರ ಒಂದು ತಂಬಿಗೆ ನೀರು ಅಲ್ಲಿ ಸುರಿದು ಗಡಿಯಾರ ನೋಡಿದೆ. ಇಂಗಲು ಮೂರು ತಾಸು ಹಿಡಿಯಿತು. ಜಿಪ್ಸಂ ಹಾಕುವ ಮೊದಲು ಬೆಳಿಗ್ಗೆ ಸುರಿದದ್ದು ಸಂಜೆಗೂ ನಿಂತಿರುತ್ತಿತ್ತು. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ತಾರೀಕು ಹಾಕಿ ಅದನ್ನೂ ಬರೆದಿಟ್ಟಿದ್ದೇನೆ. ಮುಂಗಾರು ಮುಗಿದ ಮೇಲೆ ಮತ್ತೆ ಒಂದು ತಂಬಿಗೆ ಸುರಿದು ನೋಡಬೇಕು.